ಭಾನುವಾರ ತುಮಕೂರಿಗೆ ಬರೋ ದೋಸ್ತನಿಗೆ

ಪ್ರೀತಿಯ ದೋಸ್ತ,

ಬರ್ತೀನಿ ಅಂತ ಮೂರು ಸಲ ಬರೆದೆ, ಮೂರನೇ ಸಲ ಟಿಕೆಟ್ಟಿನ ಫೋಟೊ ಕೂಡ ಹಾಕಿದೆ. ಹಾಗಾಗಿ ನಂಬಿದ್ದೀನಿ. ನಿನಗೊಬ್ಬನಿಗೇ ಬರೆಯಬಹುದಿತ್ತು. ಆದರೆ ಕೋಲಾರದ ಅಕ್ಕ, ಪಾವಗಡದ ಮೇಷ್ಟ್ರು, ಬೆಂಗಳೂರಿನ ಇಬ್ಬರು ಹುಡುಗಿಯರು ಕೇಳ್ತಿರೋದೂ ಇದನ್ನೇ. ಆರು ವರ್ಷ ಆನ್‌ಲೈನಲ್ಲೇ ಪದಬಂಧದ ನೆಪದಲ್ಲಿ ಜಗಳ ಆಡಿಕೊಂಡಿದ್ದವರು ಮೊದಲ ಸಲ ಮುಖ ನೋಡಿಕೊಳ್ಳೋದು ಹೇಗೆ ಅನ್ನೋದು ಇನ್ಯಾರಿಗಾದರೂ ಉಪಯೋಗಕ್ಕೆ ಬಂದೀತು. ಅದಕ್ಕೇ ಎಲ್ಲರಿಗೂ ಕಾಣೋ ಹಾಗೆ ಬರೀತಿದ್ದೀನಿ.

ಮೊದಲು ರೈಲು. ಹುಬ್ಬಳ್ಳಿ ಕಡೆಯಿಂದ ರಾತ್ರಿ ಗಾಡಿ ಹತ್ತಿದರೆ ಅರಸೀಕೆರೆ, ತಿಪಟೂರು, ಗುಬ್ಬಿ ಆದಮೇಲೆ ತುಮಕೂರು. ನಸುಕಲ್ಲೇ ಬರುತ್ತೆ, ನಿಲ್ಲೋದು ಒಂದೆರಡು ನಿಮಿಷ. ತಿಪಟೂರಿಗೇ ಅಲಾರಂ ಇಟ್ಕೋ. ಗುಬ್ಬಿ ಬರಲಿ ಅಂತ ಕಾಯಬೇಡ, ಗಾಡಿ ಅಲ್ಲಿ ನಿಲ್ಲದೆ ಹೋದರೆ ಕತ್ತಲಲ್ಲಿ ದಾಟಿದ್ದೇ ಗೊತ್ತಾಗಲ್ಲ. ನಿದ್ದೆಯಲ್ಲಿ ತುಮಕೂರು ತಪ್ಪಿದರೆ ಯಶವಂತಪುರದಿಂದ ಹಿಂದಕ್ಕೆ ಬರಬೇಕು, ಸುಮಾರು 65 ಕಿಲೋಮೀಟರ್. ಬೆಂಗಳೂರಿಂದ ಬರೋರಿಗೆ ಬೇರೆ ತೊಂದರೆ: ಮೊದಲು ಕ್ಯಾತ್ಸಂದ್ರ ಸ್ಟೇಷನ್ ಸಿಗುತ್ತೆ, ಪ್ಯಾಸೆಂಜರ್ ಗಾಡಿ ಅಲ್ಲಿ ನಿಲ್ಲುತ್ತೆ. ತಟ್ಟೆ ಇಡ್ಲಿ ಊರು ಬಂತು ಅಂತ ಇಳಿದುಬಿಡಬೇಡಿ, ಮುಂದಿನ ಸ್ಟೇಷನ್ ತುಮಕೂರು. ಮೇಷ್ಟ್ರು ಬಸ್ಸಲ್ಲಿ ಮಧುಗಿರಿ, ಕೊರಟಗೆರೆ ಮೇಲೆ ಬರ್ತಾರೆ. ಮೂರು ಗಂಟೆ ಹಿಡಿದಿದ್ದೀನಿ. ಹಾಗಾಗಿ ಎಲ್ಲರೂ ಸೇರೋದು ಒಂಬತ್ತಕ್ಕೆ, ರೈಲ್ವೆ ಸ್ಟೇಷನ್ ಬಾಗಿಲಲ್ಲಿ. ನಿನಗೆ ಮಾತ್ರ ನಸುಕಲ್ಲೇ ನಾನೊಬ್ಬನೇ ಬರ್ತೀನಿ.

ಹುಡುಕೋ ವಿಷಯ. 'ಬಂದೆ, ಎಲ್ಲಿದ್ದೀಯ' ಅಂತ ಆರು ಜನ ಒಟ್ಟಿಗೆ ಫೋನ್ ಮಾಡಿದರೆ ಆರೂ ಫೋನು ಎಂಗೇಜ್ ಬರುತ್ತೆ. ಲೊಕೇಶನ್ ಕಳಿಸಿದರೂ ಸ್ಟೇಷನ್ ಸೂರಿನಡಿ ಆ ಚುಕ್ಕೆ ಆಚೀಚೆ ಓಡಾಡುತ್ತೆ. ಫೋನ್ ಬೇಡ. ಹಿಂದಿನ ದಿನ ಸಂಜೆ ಪ್ರತಿಯೊಬ್ಬರೂ ಒಂದು ಸಾಲು ಹಾಕಿ: ಬಟ್ಟೆ ಬಣ್ಣ, ಕೈಯಲ್ಲಿ ಏನಿರುತ್ತೆ. ಪ್ರೊಫೈಲ್ ಫೋಟೊ ನೆಚ್ಚಿಕೊಳ್ಳಬೇಡಿ. ಯಾರದ್ದು ಎಷ್ಟು ಹಳೇದು ಅಂತ ಅವರವರಿಗೇ ಗೊತ್ತು. ನನ್ನ ಕೈಯಲ್ಲಿ ಹಳದಿ ಬಟ್ಟೆ ಚೀಲ ಇರುತ್ತೆ.

ದಿನವನ್ನು ಬೇಕಂತಲೇ ಎರಡು ತುಂಡು ಮಾಡಿದ್ದೀನಿ. ಬೆಳಗ್ಗೆ ಕ್ಯಾತ್ಸಂದ್ರದಲ್ಲಿ ತಿಂಡಿ, ಸಿದ್ಧಗಂಗೆ ಬೆಟ್ಟ, ಮಠದಲ್ಲಿ ಊಟ. ಮಧ್ಯಾಹ್ನ ನಾಮದ ಚಿಲುಮೆ, ದೇವರಾಯನದುರ್ಗ. ಮಧ್ಯಾಹ್ನಕ್ಕೆ ಹೊರಡಬೇಕು ಅನಿಸಿದವರು ಕಾರಣ ಹೇಳದೆ ಹೊರಡಬಹುದು, ಕ್ಯಾತ್ಸಂದ್ರ ಹೆದ್ದಾರಿ ಮೇಲೇ ಇದೆ. ಮೊದಲ ಭೇಟಿಯನ್ನ ಬೆಳಗಿಂದ ಸಂಜೆವರೆಗೆ ಒಂದೇ ಉಸಿರಿಗೆ ಇಟ್ಟರೆ, ಮೂರನೇ ಗಂಟೆಗೆ ಸುಸ್ತಾದವರು ಸಂಕೋಚಕ್ಕೆ ಕೂತಿರ್ತಾರೆ, ಆ ಸುಸ್ತು ಎಲ್ಲರಿಗೂ ಹರಡುತ್ತೆ. ಹುಡುಗಿಯರೇ, ಅಕ್ಕ, ನಿಮ್ಮ ಮನೆ ಹತ್ತಿರ ಯಾರೂ ಕರೆದುಕೊಂಡು ಹೋಗೋಕೆ ಬರಲ್ಲ. ಯಾರ ಜೊತೆ, ಎಲ್ಲಿ, ಎಷ್ಟೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಬರೆದಿಟ್ಟು ಬನ್ನಿ. ಆರೂ ಜನ ಹೂಂ ಅನ್ನದೆ ಒಂದು ಫೋಟೊವೂ ಎಲ್ಲೂ ಹಾಕೋ ಹಾಗಿಲ್ಲ. ಬೇಡ ಅಂದವರನ್ನ ಯಾಕೆ ಅಂತ ಕೇಳೋ ಹಾಗೂ ಇಲ್ಲ.

ತಟ್ಟೆ ಇಡ್ಲಿ ಹೋಟೆಲಲ್ಲಿ ಮಾತಾಡೋ ಆಸೆ ಇಟ್ಕೋಬೇಡಿ. ಭಾನುವಾರ ಬೆಳಗ್ಗೆ ತಟ್ಟೆ ಲೋಟದ ಸದ್ದಲ್ಲಿ ಪಕ್ಕದವರ ಮಾತೇ ಕೇಳಲ್ಲ, ಕುರ್ಚಿ ಹಿಂದೆ ಇನ್ನೊಬ್ಬರು ಜಾಗಕ್ಕೆ ಕಾದು ನಿಂತಿರ್ತಾರೆ. ಇಪ್ಪತ್ತು ನಿಮಿಷ, ತಿಂದು ಎದ್ದುಬಿಡೋದು. ಮಾತು ಬೆಟ್ಟದ ಮೆಟ್ಟಿಲ ಮೇಲೆ. ಎದುರುಬದುರು ಕೂತರೆ ಕಣ್ಣು ಎಲ್ಲಿಡಬೇಕು ಅನ್ನೋದೇ ಒಂದು ಕೆಲಸ ಆಗುತ್ತೆ. ಪಕ್ಕಪಕ್ಕ ನಡೆದರೆ ಕಣ್ಣಿಗೆ ದಾರಿ ಇದೆ, ಮಾತು ನಿಂತರೂ ಕಾಲು ನಡೀತಿರುತ್ತೆ. ಇಬ್ಬಿಬ್ಬರಾಗಿ ಹತ್ತೋಣ, ಇಳಿಯುವಾಗ ಜೊತೆ ಬದಲಾಯಿಸೋಣ. ಆಟೋಗೆ ಮೂರು ಮೂರು ಜನ. ಅಲ್ಲೂ ಹೋಗುವಾಗ ಇದ್ದ ಜೋಡಿ ಬರುವಾಗ ಬೇಡ, ಇಲ್ಲದಿದ್ದರೆ ಸಂಜೆ ಹೊತ್ತಿಗೆ ಆರು ಜನರದ್ದು ಎರಡು ಗುಂಪಾಗಿರುತ್ತೆ.

ಮಠದ ಊಟ ಯಾಕೆ ಅಂದರೆ, ದಾಸೋಹದಲ್ಲಿ ಸಾಲಾಗಿ ಕೂತು ಬಡಿಸಿದ್ದು ಉಣ್ಣೋದು. ಬಿಲ್ಲಿನ ಎಳೆದಾಟ ಇಲ್ಲ. ಯಾವ ಹೋಟೆಲ್, ನೀವು ಏನು ತಿಂತೀರಿ ಅಂತ ಕೇಳೋ ನೆಪದಲ್ಲಿ ಯಾವ ಜನ ಅಂತ ತಿಳ್ಕೊಳ್ಳೋದು ನಮ್ಮೂರುಗಳಲ್ಲಿ ಎಷ್ಟು ಸಲೀಸು ಅಂತ ನಿನಗೆ ಗೊತ್ತು. ಆರು ವರ್ಷ ನಮ್ಮಲ್ಲಿ ಯಾರೂ ಅದನ್ನ ಕೇಳಿಲ್ಲ, ಒಂದು ಊಟಕ್ಕೋಸ್ಕರ ಯಾಕೆ ಕೇಳಬೇಕು? ಊಟ ಆದಮೇಲೆ ಶಿವಕುಮಾರ ಸ್ವಾಮೀಜಿಗಳ ಗದ್ದುಗೆ ಹತ್ತಿರ ಸ್ವಲ್ಪ ಹೊತ್ತು ಸುಮ್ಮನೆ ಕೂರೋಣ.

ದೇವರಾಯನದುರ್ಗ ಊರಿಂದ ಸುಮಾರು 15 ಕಿಲೋಮೀಟರ್. ಕೋತಿಗಳಿವೆ, ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ, ಜಿಪ್ ಇರೋ ಬ್ಯಾಗಲ್ಲಿಡಿ. ಶಿಂಷಾ, ಜಯಮಂಗಲಿ ಎರಡೂ ಹುಟ್ಟೋದು ಆ ಬೆಟ್ಟದ ಸಾಲಲ್ಲೇ. ಒಂದು ಕಾವೇರಿ ಸೇರುತ್ತೆ, ಇನ್ನೊಂದು ಉತ್ತರ ಪಿನಾಕಿನಿ. ಐದಕ್ಷರದ ನದಿ ಅಂತ ಒಂದಿಡೀ ರಾತ್ರಿ ಒದ್ದಾಡಿದವರು ಅದು ಹುಟ್ಟೋ ಕಡೆ ನಿಂತು ಒಂದು ಕ್ಷಣ ಕ್ಷಮೆ ಕೇಳಬೇಕು.

ಇನ್ನು 'ನೀನು', 'ನೀವು'. ಬರಹದಲ್ಲಿ ನಾವು ಮೇಷ್ಟ್ರಿಗೂ 'ನೀನು' ಅಂತೀವಿ. ಏಳು ಅಡ್ಡದ ಕತ್ತೆ ವಿಷಯದಲ್ಲಿ ಅದಕ್ಕಿಂತ ಕೆಳಗೂ ಇಳಿದಿದ್ದೀವಿ. ಎದುರಿಗೆ ನರೆತ ಕೂದಲು ಕಂಡ ಕೂಡಲೇ ನಾಲಗೆ 'ನೀವು' ಅನ್ನುತ್ತೆ. ನೋಡು, ಮೇಲೆ ನಾನೇ 'ಬರ್ತಾರೆ' ಅಂತ ಬರೆದುಬಿಟ್ಟೆ. ಒಬ್ಬರು ಶುರು ಮಾಡಿದರೆ ಸಾಕು, ಹತ್ತು ನಿಮಿಷದಲ್ಲಿ ಆರೂ ಜನ ಹೆಣ್ಣು ನೋಡೋಕೆ ಬಂದವರ ಹಾಗೆ ಕೂತಿರ್ತೀವಿ. ಆಮೇಲೆ 'ನೀನು'ಗೆ ವಾಪಸ್ ಬರೋದು ಬಹಳ ಕಷ್ಟ. ಅದಕ್ಕೇ ಶನಿವಾರವೇ ಮೇಷ್ಟ್ರ ಬಾಯಲ್ಲೇ ಹೇಳಿಸಿಬಿಡೋಣ: ಯಾವುದು ಬೇಕು ಅಂತ ಅವರೇ ಆರಿಸಲಿ, ಎಲ್ಲರೂ ಅದನ್ನೇ ಹಿಡಿಯೋಣ.

ಸ್ಟೇಷನ್ನಲ್ಲಿ ಸೇರಿದ ಮೊದಲ ಹದಿನೈದು ನಿಮಿಷ ಎಲ್ಲಕ್ಕಿಂತ ಕಷ್ಟ. ಊರು, ಕೆಲಸ, ಮಕ್ಕಳು, ಮಂಡಿನೋವು ಎಲ್ಲಾ ಮೊದಲೇ ಬರೆದುಕೊಂಡಿರೋದರಿಂದ ಕೇಳೋಕೇನೂ ಇರಲ್ಲ, ಒಬ್ಬೊಬ್ಬರೇ ಫೋನ್ ತೆಗೀತಾರೆ. ಅದಕ್ಕೇ ಚೀಲದಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿದ ಎರಡು ಪದಬಂಧ, ಆರು ಪೆನ್ಸಿಲ್, ಎರಡು ರಬ್ಬರ್ ಇಟ್ಟಿದ್ದೀನಿ. ಒಂದಕ್ಕೆ ಮೂರೇ ಜನ. ಆರು ಜನಕ್ಕೆ ಒಂದೇ ಕೊಟ್ಟರೆ ಇಬ್ಬರು ಬಿಡಿಸ್ತಾರೆ, ನಾಲ್ಕು ಜನ ನೋಡ್ತಾರೆ. ಪದ ಹುಡುಕುವಾಗಿನ ಮೌನ ಯಾರಿಗೂ ಭಾರ ಅನಿಸಲ್ಲ.

ಇಷ್ಟು ಬರೆದು ಮೇಲಿಂದ ಓದಿದೆ. ಫೋನ್ ಬೇಡ, ಗದ್ದಲ ಬೇಡ, ಎದುರುಬದುರು ಬೇಡ, ಕೈಗೊಂದು ಕೆಲಸ ಬೇಕು. ಆರು ಜನಕ್ಕಾಗಿ ಮಾಡಿದ್ದು ಅಂದುಕೊಂಡಿದ್ದೆ. ಹೆಚ್ಚಿನವು ನನಗಾಗಿ ಮಾಡಿಕೊಂಡವು.

ದೋಸ್ತ, ನನಗೆ ಉಗ್ಗು ಇದೆ.

ಆರು ವರ್ಷದಲ್ಲಿ ನನ್ನದೊಂದು ವಾಯ್ಸ್ ಮೆಸೇಜ್ ಇಲ್ಲ, ಗಮನಿಸಿರಬಹುದು. ಮೈಕ್ ಕೆಟ್ಟಿದೆ ಅಂತ ಟೈಪ್ ಮಾಡಿದಾಗೆಲ್ಲ ಮೈಕ್ ಚೆನ್ನಾಗೇ ಇತ್ತು. ನನಗೆ ಸಮಾನಾರ್ಥಕ ಬೇಗ ಹೊಳೆಯುತ್ತೆ ಅಂತ ಹೊಗಳ್ತೀರಲ್ಲ, ಅದು ಬಂದಿದ್ದೂ ಇಲ್ಲಿಂದಲೇ. ಮುಂದೆ ಬರೋ ಪದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಎರಡು ಪದ ಮೊದಲೇ ಗೊತ್ತಾಗುತ್ತೆ, ಅಷ್ಟರಲ್ಲಿ ಅದೇ ಅರ್ಥದ ಬೇರೆ ಪದ ಹುಡುಕಬೇಕು. 'ಪುಸ್ತಕ' ಆಗದಿದ್ದರೆ 'ಹೊತ್ತಿಗೆ', 'ತಂದೆ' ಆಗದಿದ್ದರೆ 'ಅಪ್ಪ'. ಹೋಟೆಲಲ್ಲಿ 'ಕಾಫಿ' ಆಗದಿದ್ದರೆ 'ಹಾಲು' ಅಂದು, ಹಾಲು ಕುಡಿದು ಬರೋದು. ಸ್ವಂತ ಹೆಸರಿಗೆ ಮಾತ್ರ ಬದಲಿ ಪದ ಇಲ್ಲ. ಭಾನುವಾರ ನಸುಕಲ್ಲಿ ನಾನು ಮೊದಲು ಹೇಳಬೇಕಾದ್ದು ಅದೇ.

ದೊಡ್ಡವರಲ್ಲಿ ಹೆಚ್ಚುಕಡಿಮೆ ನೂರಕ್ಕೊಬ್ಬರಿಗೆ ಇರೋ ವಿಷಯ ಇದು. ಅಂಜಿಕೆಯಿಂದ ಹುಟ್ಟೋದಲ್ಲ, ಅಂಜಿದರೆ ಹೆಚ್ಚಾಗುತ್ತೆ ಅಷ್ಟೆ. 'ನಿಧಾನ', 'ಉಸಿರು ತಗೋ' ಅಂದರೆ ಇನ್ನೂ ಬಿಗಿಯಾಗುತ್ತೆ. ಪದ ನೀನೇ ತುಂಬಿಕೊಡಬೇಡ. ನಿನ್ನ ಊಹೆ ತಪ್ಪಾದರೆ ನಾನು ಮತ್ತೆ ಮೊದಲಿಂದ ಶುರು ಮಾಡಬೇಕು. ಮುಖ ತಿರುಗಿಸಬೇಡ, ಕಾಯಿ.

ನನಗೆ ದಿಗಿಲಿರೋದು ಆ ಕಾಯೋದರ ಬಗ್ಗೆಯೇ. ಸುಳಿವು ಬಿದ್ದ ಅರ್ಧ ನಿಮಿಷಕ್ಕೆ ಉತ್ತರ ಹಾಕೋನು ನಾನು. ಆರು ವರ್ಷದಲ್ಲಿ ನೀನು ನನ್ನ ಒಂದು ಮಾತಿಗೂ ಕಾದಿಲ್ಲ. ಕಾಯಬೇಕಾಗಿ ಬಂದಾಗ ನಿನ್ನ ಮುಖ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ಲ, ಯಾಕೆಂದರೆ ನಿನ್ನ ಮುಖವನ್ನೇ ನಾನು ನೋಡಿಲ್ಲ. ಇದನ್ನ ನಿನಗೊಬ್ಬನಿಗೇ ಬರೆಯಬೇಕಿತ್ತೇನೋ. ಇರಲಿ, ಉಳಿದ ನಾಲ್ವರೂ ಓದಿಬಿಡಲಿ. ಭಾನುವಾರ ಐದು ಸಲ ಹೇಳೋದು ತಪ್ಪುತ್ತೆ.

ಸರಿ, ಇಡ್ಲಿ ವಿಷಯಕ್ಕೆ ವಾಪಸ್ ಬರ್ತೀನಿ. ತಟ್ಟೆ ಇಡ್ಲಿ ಅಂದರೆ ನಿಜಕ್ಕೂ ತಟ್ಟೆಯಗಲ, ಎರಡು ಸಾಕು. ಮೂರನೇದಕ್ಕೆ ಕೈ ಹಾಕಿದರೆ ಬೆಟ್ಟ ಹತ್ತೋಕಾಗಲ್ಲ. ಮೇಲೆ ಬೆಣ್ಣೆ ಹಾಕಿಸ್ಕೋ, ಕರಗೋಕೆ ಮೊದಲೇ ತಿನ್ನು. ಇಡ್ಲಿ, ವಡೆ ಎಲ್ಲಾ ನೀನೇ ಹೇಳು. ಕಾಫಿ ಮಾತ್ರ ಆರು ಜನಕ್ಕೂ ನಾನೇ ಹೇಳ್ತೀನಿ. ಸ್ವಲ್ಪ ತಡ ಆಗಬಹುದು.

ನಸುಕಲ್ಲಿ ಚಳಿ ಇರುತ್ತೆ, ಸ್ವೆಟರ್ ಬ್ಯಾಗಿನ ತಳಕ್ಕೆ ಹಾಕಬೇಡ.

ಇಂತಿ ನಿನ್ನ,
ಹನ್ನೆರಡು ಕೆಳಗೆ