ಛತ್ರದಲ್ಲೊಂದು ಸದ್ದಿಲ್ಲದ ಕೋಣೆ ಇರಲಿ

ಮಾನ್ಯರೇ,

ನನ್ನ ಮಗನಿಗೆ 11 ವರ್ಷ. ಆಟಿಸಂ ಇದೆ, ಅಂದರೆ ಮಿದುಳಿನ ಬೆಳವಣಿಗೆಯೇ ಬೇರೆ ಥರ; ಹೆಚ್ಚು ಸದ್ದು, ಬೆಳಕು ಅವನಿಗೆ ತಡೆಯಲಾಗದು. ಹೋದ ತಿಂಗಳು ಒಂದು ಮದುವೆಯಲ್ಲಿ ವಾಲಗದ ಸದ್ದು, ವಿಡಿಯೊದವರ ಲೈಟು, ಜನಜಂಗುಳಿ ಎಲ್ಲ ಸೇರಿ ಅವನು ಕಿವಿ ಮುಚ್ಚಿಕೊಂಡು ಕಿರುಚಿದ. ‘ಎರಡೇಟು ಬಿಟ್ಟರೆ ಸರಿ ಹೋಗ್ತಾನೆ’ ಎಂದರು ಹಿರಿಯರೊಬ್ಬರು. ಅದು ಹಟ ಅಲ್ಲ, ತಡೆಯಲಾಗದ ಸಂಕಟ. ಆಗ ಬೈಯಬೇಡಿ, ಸುತ್ತ ನಿಂತು ನೋಡಬೇಡಿ. ಮಾತು ಕಡಿಮೆಯಾದಷ್ಟೂ ಒಳ್ಳೆಯದು. ಬೆಳಕು ಕಡಿಮೆಯಿರುವ, ಸದ್ದಿಲ್ಲದ ಒಂದು ಜಾಗ ಸಿಕ್ಕರೆ ಅವನು ಹಿಂದೆ ಮುಂದೆ ಮೈ ತೂಗುತ್ತಾ ತಾನಾಗಿಯೇ ಸಮಾಧಾನವಾಗುತ್ತಾನೆ. ಆ ತೂಗಾಟವನ್ನು ದಯವಿಟ್ಟು ತಡೆಯಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಛತ್ರಗಳಲ್ಲಿ ವಧುವಿಗೆ, ವರನಿಗೆ ಕೋಣೆ ಇರುತ್ತದೆ, ಅಲ್ವಾ? ಇಂಥ ಮಕ್ಕಳಿಗೂ ಒಂದು ಚಿಕ್ಕ ಕೋಣೆ ಬಿಟ್ಟುಕೊಡಿ.

– ಒಬ್ಬ ತಾಯಿ, ಮೈಸೂರು