ಒಂದು ಮಾಪ್ ಕಡಿಮೆ ಇದೆ

ಬಳ್ಳಾರಿ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ರಾಯಚೂರಿನ ಬಿಸಿಲು, ಹಾಸ್ಟೆಲ್ಲಿನ ಊಟ, ಆಪರೇಷನ್ ಥಿಯೇಟರಿನಲ್ಲಿ (ಓಟಿ) ನರ್ಸ್ ಕೆಲಸ ಕಲಿಯುತ್ತಿರುವುದು ಎಲ್ಲವನ್ನೂ ಓದಿಕೊಂಡು ಹೋದವಳು ಕೊನೆಯ ಸಾಲಿಗೆ ಬಂದು ನಿಂತುಬಿಟ್ಟೆ. ‘ಆಪರೇಷನ್ನಿನಲ್ಲಿ ರಕ್ತ ಹೀರಲು ಇಡುವ ಬಟ್ಟೆಯ ಮಾಪ್‌ಗಳ ಎಣಿಕೆಯಲ್ಲಿ ಒಂದು ಕಡಿಮೆ ಬಂದರೆ ಸರ್ಜನ್‌ಗೆ ಹೇಳಲು ನನಗೆ ಬಾಯಿ ಬರುವುದಿಲ್ಲವೇನೋ, ದೊಡ್ಡಮ್ಮ.’ ಎರಡು ರಾತ್ರಿಯಿಂದ ನನಗೆ ಸರಿಯಾಗಿ ನಿದ್ದೆ ಹತ್ತಿಲ್ಲ.

ಉಪಕರಣಗಳ ಹೆಸರು ಕಲಸಿಹೋಗುತ್ತವೆ ಎಂದೂ ಬರೆದಿದ್ದೀಯ. ಅದಕ್ಕೆ ಹೆದರಬೇಡ, ಬೆರಳಿಗೇ ಗೊತ್ತಾಗುತ್ತದೆ. ಅಲಿಸ್ ಇಕ್ಕಳದ ತುದಿ ಮುಟ್ಟಿದರೆ ಸಣ್ಣ ಹಲ್ಲುಗಳು ತಾಗುತ್ತವೆ. ಬ್ಯಾಬ್‌ಕಾಕ್ ಇಕ್ಕಳಕ್ಕೆ ಹಲ್ಲಿಲ್ಲ, ತುದಿ ದುಂಡಗೆ ಬಾಗಿ ನಡುವೆ ಕಿಂಡಿ ಇರುತ್ತದೆ. ಕರುಳು, ಗರ್ಭನಾಳದಂಥ ಮೆತ್ತನೆಯದನ್ನು ಗಾಯವಾಗದಂತೆ ಹಿಡಿಯುವುದು ಅದರಲ್ಲೇ. ರಕ್ತನಾಳ ಹಿಡಿಯುವ ಆರ್ಟರಿ ಇಕ್ಕಳವನ್ನೂ ನೀಡಲ್ ಹೋಲ್ಡರನ್ನೂ ಮೊದಮೊದಲು ನಾನೂ ಅದಲುಬದಲು ಮಾಡಿದವಳೇ. ಬಾಯಿ ನೋಡಿದರೆ ಸಾಕು, ಸೂಜಿ ಹಿಡಿಯುವುದರ ಬಾಯಿ ಮೋಟು. ಕೀವು ತುಂಬಿದ ಕುರು ತೆರೆಯಲು ಕೇಳಿದರೆ 3ನೇ ನಂಬರಿನ ಚಾಕುವಿನ ಹಿಡಿಗೆ ಮೊನಚಾದ 11ರ ಬ್ಲೇಡ್ ಹಾಕಿಕೊಡು. ತಪ್ಪು ಕೊಟ್ಟರೆ ಬೈಯುತ್ತಾರೆ, ಸರಿಯಾದುದನ್ನು ಕೊಟ್ಟರೆ ಅಲ್ಲಿಗೆ ಮುಗಿಯಿತು. ಎಣಿಕೆಯ ಮಾತು ಹಾಗಲ್ಲ.

ಇದನ್ನು ನಿನ್ನ ದೊಡ್ಡಪ್ಪನಿಗೂ ನಾನು ಹೇಳಿರಲಿಲ್ಲ. ಆಗ ನನಗೆ ಕೆಲಸ ಸಿಕ್ಕು ಮೂರು ವರ್ಷವಾಗಿತ್ತು. ಯಾವ ಆಸ್ಪತ್ರೆ ಎಂಬುದು ಬೇಡ. ಸಿರುಗುಪ್ಪದ ಕಡೆಯ ಹೆಂಗಸು, ಭತ್ತದ ಗದ್ದೆಯಲ್ಲಿ ಕೂಲಿ ಮಾಡುವವಳು, ಕರುಳು ತೂತಾಗಿ ನಡುರಾತ್ರಿ ಬಂದಳು. ಹತ್ತು ಮಾಪ್ ಕೊಟ್ಟಿದ್ದೆ. ಹೊಟ್ಟೆ ಮುಚ್ಚುವ ಮುಂಚೆ ಎಣಿಸಿದರೆ ಒಂಬತ್ತು. ಬಕೆಟ್ಟಿನಲ್ಲಿದ್ದುದನ್ನು ಒಂದೊಂದಾಗಿ ಬಿಡಿಸಿ ಹರವಿದೆ. ಒಂಬತ್ತೇ. ರಕ್ತದಲ್ಲಿ ನೆನೆದ ಮಾಪ್ ಮುದುಡಿ ಅಂಗೈಯಷ್ಟಾಗುತ್ತದೆ, ಕರುಳಿನ ಪಕ್ಕ ಬಿದ್ದರೆ ಕರುಳಿನಂತೆಯೇ ಕಾಣುತ್ತದೆ. ಡಾಕ್ಟರು ಮುಂಗೋಪಿ. ಆಗಲೇ ಹೊಲಿಯಲು ಶುರುಮಾಡಿದ್ದರು. ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು ಪುಟ್ಟಿ. ನಾನೇ ತಪ್ಪು ಎಣಿಸಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ನಿಂತೆ. ಚರ್ಮದ ಕೊನೆಯ ಹೊಲಿಗೆ ಬಿದ್ದ ಮೇಲೆ ಬಾಯಿ ಬಂತು.

ಮತ್ತೆ ತೆರೆದರು. ಮಾಪ್ ಒಳಗೇ ಇತ್ತು.

ಡಾಕ್ಟರು ಒಂದು ಮಾತೂ ಬೈಯಲಿಲ್ಲ. ಹತ್ತನೆಯ ದಿನ ಆ ಹೆಂಗಸು ಮನೆಗೆ ಹೊರಟಾಗ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಎರಡನೆಯ ಸಲ ಹೊಟ್ಟೆ ಬಿಚ್ಚಿಸಿಕೊಂಡದ್ದು ನನ್ನ ಮೌನದಿಂದ ಎಂದು ಅವಳಿಗೆ ಹೇಳಲಿಲ್ಲ. ಅದನ್ನಾದರೂ ಹೇಳಬೇಕಿತ್ತು.

ಈಗ ನಿಮಗೆ ಅನುಕೂಲವಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸುರಕ್ಷತಾ ಪಟ್ಟಿಯಲ್ಲಿ, ರೋಗಿ ಓಟಿಯಿಂದ ಹೊರಹೋಗುವ ಮೊದಲು ಉಪಕರಣ, ಮಾಪ್, ಸೂಜಿಗಳ ಎಣಿಕೆ ಸರಿಯಿದೆಯೇ ಎಂದು ನರ್ಸ್ ಬಾಯಿಬಿಟ್ಟು ಹೇಳಬೇಕೆಂದೇ ಇದೆ. ಎಂದರೆ ಅದು ಉದ್ಧಟತನವಲ್ಲ, ನಿನ್ನ ಕೆಲಸ. ಎಕ್ಸ್‌ರೇಯಲ್ಲಿ ಕಾಣುವ ದಾರವಿರುವ ಮಾಪ್‌ಗಳೂ ಬಂದಿವೆ. ಆದರೆ ಕಡಿಮೆ ಇದೆ ಎಂದು ಯಾರಾದರೂ ಹೇಳಿದರೆ ತಾನೇ ಎಕ್ಸ್‌ರೇ ತೆಗೆಯುವುದು?

ನಿವೃತ್ತಳಾದವಳ ಹಳೆಯ ಪದ್ಧತಿ ಎಂದುಕೊಳ್ಳಬೇಡ. ಒಳಗಿಟ್ಟ ಮಾಪ್‌ನ ಬಾಲದಂಥ ಪಟ್ಟಿಗೆ ಹೊರಗಡೆ ಒಂದು ಆರ್ಟರಿ ಇಕ್ಕಳ ಕಚ್ಚಿಸಿರುತ್ತಾರೋ ಇಲ್ಲವೋ ಗಮನಿಸುತ್ತಿರು. ಒಬ್ಬಳೇ ಎಣಿಸಬೇಡ, ಇನ್ನೊಬ್ಬರ ಎದುರಿಗೆ ಗಟ್ಟಿಯಾಗಿ ಎಣಿಸು. ಇವೆಲ್ಲ ನಿನಗೆ ಕಲಿಸಿಯೇ ಇರುತ್ತಾರೆ, ಆದರೂ ಬರೆದೆ.

ಇನ್ನೊಂದು, ನಗಬೇಡ. ರೂಮಿನಲ್ಲಿ ಒಬ್ಬಳೇ ಇರುವಾಗ ‘ಸರ್, ಒಂದು ಮಾಪ್ ಕಡಿಮೆ ಇದೆ’ ಎಂದು ಜೋರಾಗಿ ಹೇಳಿ ನೋಡು. ಐದೇ ಪದ. ಅಂದು ರಾತ್ರಿ ನನಗೆ ಮೊದಲನೆಯ ‘ಸರ್’ ಕೂಡ ಬರಲಿಲ್ಲ. ಭಾನುವಾರ ಫೋನ್ ಮಾಡಿದಾಗ ನನ್ನ ಕಿವಿಗೂ ಒಮ್ಮೆ ಹೇಳು. ಕೇಳಿಸಿಕೊಂಡು ಮಲಗುತ್ತೇನೆ.

ನಿನ್ನ ದೊಡ್ಡಮ್ಮ