ಥಾನೋಸ್‌ನ ಎಡಗೈ ಇಲ್ಲದ ಬಾಕ್ಸ್ ಕೊಟ್ಟಿದ್ದರ ಬಗ್ಗೆ ದೂರು

ಗೆ,
ಗ್ರೀವೆನ್ಸ್ ಆಫೀಸರ್ ಅವರಿಗೆ

ಸಾರ್/ಮೇಡಂ,

ಇಷ್ಟು ದಿನ ಫೋನಲ್ಲಿ, ಚಾಟಲ್ಲಿ ಸಮಾಧಾನವಾಗೇ ಮಾತಾಡಿದೀನಿ. ನಿನ್ನೆ ರಾತ್ರಿ ನಿಮ್ಮ ಆಪಲ್ಲಿ ನನ್ನ ಟಿಕೆಟ್ ಮೇಲೆ 'ಪರಿಹಾರವಾಗಿದೆ' ಅಂತ ಹಾಕಿ ಕ್ಲೋಸ್ ಮಾಡಿದ್ದು ನೋಡಿದ್ಮೇಲೆ ಈ ಪತ್ರ ಬರೀತಿದೀನಿ. ಏನ್ ಪರಿಹಾರ ಆಗಿದೆ ಅಂತ ನನಗಂತೂ ಗೊತ್ತಾಗ್ಲಿಲ್ಲ.

ನಾನು ತಗೊಂಡಿದ್ದು ಹ್ಯಾಸ್ಬ್ರೋ ಅವರ ಮಾರ್ವೆಲ್ ಲೆಜೆಂಡ್ಸ್, 2018ರ ಇನ್ಫಿನಿಟಿ ವಾರ್ ಸಿನಿಮಾದ ಸೀರೀಸಿಂದು, 6 ಇಂಚಿನ ಫಿಗರ್, ಅಂದ್ರೆ ಬೊಂಬೆ. ಆ ಸೀರೀಸಲ್ಲಿ ಸಿನಿಮಾದ ವಿಲನ್ ಥಾನೋಸ್ ತನ್ನದೇ ಬಾಕ್ಸಲ್ಲಿ ಬರಲ್ಲ, ಅವನ ಕೈ ಕಾಲು ತಲೆ ಎಲ್ಲಾ ಬೇರೆ ಬೇರೆ ಫಿಗರ್ ಬಾಕ್ಸಲ್ಲಿ ಹಂಚಿಹಾಕಿರ್ತಾರೆ, ಎಲ್ಲಾ ಕೊಂಡು ಜೋಡಿಸಿದ್ರೆ ಮಾತ್ರ ಥಾನೋಸ್ ಆಗೋದು. ಬಿಲ್ಡ್-ಎ-ಫಿಗರ್ (ಬಿಎಎಫ್) ಅಂದ್ರೆ ಇದೇ, 2005ರಲ್ಲಿ ಟಾಯ್ ಬಿಜ್ ಕಂಪನಿ ಗ್ಯಾಲಾಕ್ಟಸ್ ಬೊಂಬೆ ಬಿಟ್ಟಾಗಿಂದ ನಡ್ಕೊಂಡು ಬಂದಿದೆ. ಇದೇ ಸೀರೀಸಲ್ಲಿ ಬರೋ ಕಿಂಗ್ ಕೋಬ್ರಾ ಆ ಸಿನಿಮಾದಲ್ಲಿ ಒಂದು ಸೀನಲ್ಲೂ ಇಲ್ಲ, ಟಾಸ್ಕ್‌ಮಾಸ್ಟರೂ ಇಲ್ಲ, ಆದ್ರೂ ಇಬ್ರನ್ನೂ ದುಡ್ಡು ಕೊಟ್ಟು ತಗೊಂಡಿದ್ದು ಥಾನೋಸ್‌ಗೋಸ್ಕರಾನೇ. ನನ್ನ ಹತ್ರ ಇಲ್ದೇ ಇದ್ದಿದ್ದು ಒಂದೇ ಒಂದು ಪಾರ್ಟು, ಗಾಂಟ್ಲೆಟ್ (ಲೋಹದ ಕೈಗವಸು) ಹಾಕಿರೋ ಎಡಗೈ. ಅದು ಬರೋ ಬಾಕ್ಸನ್ನೇ ನಿಮ್ಮ ಹತ್ರ ತಗೊಂಡಿದ್ದು. ಇಡೀ ಸಿನಿಮಾ ನಡೆಯೋದೇ ಆ ಕೈಗೆ ಆರು ಶಕ್ತಿಯ ಕಲ್ಲು ಸೇರ್ಸೋಕೆ, ಕೊನೇಲಿ ಚಿಟಿಕೆ ಹೊಡೆಯೋದೂ ಅದರಲ್ಲೇ.

ನಿಮ್ಮ ಲಿಸ್ಟಿಂಗಲ್ಲಿ 'ಸೀಲ್ಡ್, ಬಿಎಎಫ್ ಪಾರ್ಟ್ ಸಮೇತ' ಅಂತ ನೀವೇ ಬರ್ದಿದೀರ. ಬಂದ ಬಾಕ್ಸಿನ ಕೆಳಗಡೆ ಕಂಪನಿ ಟೇಪ್ ಬ್ಲೇಡಲ್ಲಿ ಕುಯ್ದು ಅದರ ಮೇಲೆ ಮಾಮೂಲಿ ಸೆಲ್ಲೋ ಟೇಪ್ ಅಂಟ್ಸಿದ್ರು. ಒಳಗಿನ ಪ್ಲಾಸ್ಟಿಕ್ ಟ್ರೇಲಿ ಕೈ ಆಕಾರದ ಗುಳಿ ಹಾಗೇ ಇದೆ, ಖಾಲಿ. ಅನ್‌ಬಾಕ್ಸಿಂಗ್ ವಿಡಿಯೋ ಕಡ್ಡಾಯ ಅನ್ನೋ ನಿಮ್ಮದೇ ರೂಲ್ ಪ್ರಕಾರ ಕಟ್ ಇಲ್ದೇ ವಿಡಿಯೋನೂ ಕಳ್ಸಿದೀನಿ.

ಫೋನಲ್ಲಿ ಆಗಲ್ಲ, ಸ್ಟೋರಿಗೆ ಹೋಗಿ ಅಂದ್ರಿ ಅಂತ ಬಿ.ಎಚ್. ರೋಡಲ್ಲಿರೋ ನಿಮ್ಮ ಸ್ಟೋರಿಗೆ ಭಾನುವಾರ ಸಂಜೆ ಹೋದೆ. ಅಲ್ಲಿ ನಡೆದಿದ್ದು ನಿಮಗೆ ಪೂರ್ತಿ ಗೊತ್ತಾಗ್ಬೇಕು. ಕೌಂಟರ್ ಹುಡುಗ ಬಾಕ್ಸನ್ನ ತಿರುಗ್ಸಿ ಕೂಡ ನೋಡ್ಲಿಲ್ಲ, "ಪಾಪೂಗಾ ಸಾರ್?" ಅಂದ. ಅಲ್ಲಪ್ಪಾ ನನಗೇ ಅಂದೆ. ತಕ್ಷಣ ಒಳಗಡೆ ತಿರುಗಿ "ಅಣ್ಣಾ, ಇಲ್ಲೊಬ್ರು ಬೊಂಬೆ ಕೈ ಇಲ್ಲ ಅಂತ ಬಂದವ್ರೆ" ಅಂತ ಕೂಗ್ದ. ಬಿಲ್ ಹಾಕ್ಸೋಕೆ ನಿಂತಿದ್ದ ಫ್ಯಾಮಿಲಿಯವರೆಲ್ಲ ತಿರುಗಿ ನೋಡಿದ್ರು, ಒಬ್ಬ ಮಗು ನಕ್ಕಿದ್ದಕ್ಕೆ ಅವರಪ್ಪನೂ ನಕ್ಕರು. ಮ್ಯಾನೇಜರ್ ಬಂದು "ಫಿಗರ್ ಇದ್ಯಲ್ಲ ಸಾರ್, ಅದು ಫ್ರೀ ಬರೋ ಪೀಸು, ಅದಕ್ಕೆಲ್ಲ ರಿಟರ್ನ್ ಇಲ್ಲ" ಅಂದ್ರು. ಫ್ರೀ ಅಲ್ಲ ಸಾರ್, ಅದಕ್ಕೇ ದುಡ್ಡು ಕೊಟ್ಟಿರೋದು ಅಂತ ನಿಮ್ಮ ಲಿಸ್ಟಿಂಗನ್ನೇ ಮೊಬೈಲಲ್ಲಿ ತೋರ್ಸಿದೆ. ಅದನ್ನ ಓದ್ಲೂ ಇಲ್ಲ. ಕೌಂಟರ್ ಕೆಳಗಿಂದ ಒಂದು ರಟ್ಟಿನ ಡಬ್ಬ ತೆಗೆದು ಕೈ ಆಡ್ಸಿ, ಯಾವ್ದೋ ಲೋಕಲ್ ಹಲ್ಕ್‌ದು ಹಸಿರು ಕೈ ನನ್ನ ಮುಂದೆ ಇಟ್ರು. "ತಗೊಳ್ಳಿ, ಫೆವಿಕ್ವಿಕ್ ಹಾಕಿ ಅಂಟಿಸ್ಕೊಳ್ಳಿ, ಯಾರಿಗೂ ಗೊತ್ತಾಗಲ್ಲ." ಹುಡುಗ ಜೋರಾಗಿ ನಕ್ಕ. ಆ ಕೈಯನ್ನ ಅಲ್ಲೇ ಬಿಟ್ಟು ಬಂದೆ.

ನಮ್ಮಮ್ಮ ದಸರಾಗೆ ಪಟ್ಟದ ಗೊಂಬೆ ಕೂರಿಸ್ತಾರೆ, ರಾಜನ ಕೈ ಹೋದ್ರೆ ಶೆಟ್ಟಿ ಗೊಂಬೆ ಕೈ ತಂದು ಅಂಟಿಸ್ತಾರೇನ್ರೀ? ನಾವು ಫ್ರೆಂಡ್ಸು ಇನ್ಫಿನಿಟಿ ವಾರ್ ಥಾನೋಸ್ ಮೇಲೋ, ಅದರ ಮುಂದಿನ ಸಿನಿಮಾ ಎಂಡ್‌ಗೇಮ್ ಸೀರೀಸಿನ ಆರ್ಮರ್ ಹಾಕಿರೋ ಥಾನೋಸ್ ಮೇಲೋ ಅಂತ ರಾತ್ರಿ ಎಲ್ಲಾ ಜಗಳ ಆಡ್ತೀವಿ, ಮುಖದ ಪೇಂಟು, ಮೊಣಕೈ ಜಾಯಿಂಟು, ಒಂದೊಂದನ್ನೂ ಹಿಡ್ಕೊಂಡು. ನಿಮಗದು ಹುಡುಗಾಟ ಅನ್ಸಬಹುದು. ಆದ್ರೆ ನಿಮ್ಮ ಅಂಗಡಿ ನಡೀತಿರೋದೇ ನಮ್ಮಂಥೋರ ದುಡ್ಡಿಂದ.

ರೂಲ್ಸು ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರತ್ತೆ. 2020ರ ಇ-ಕಾಮರ್ಸ್ ನಿಯಮದಲ್ಲಿ ದೂರು ಬಂದ 48 ಗಂಟೇಲಿ ಸ್ವೀಕೃತಿ ಕೊಡ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು ಅಂತಿದೆ. ಹೇಳಿದ ಥರ ಇಲ್ದೇ ಇರೋ ಮಾಲನ್ನ ವಾಪಸ್ ತಗೊಳ್ಳಲ್ಲ ಅನ್ನೋಕೂ ಬರಲ್ಲ.

ನನಗೆ ಈಗ ನಿಮ್ಮ ಕೂಪನ್ನೂ ಬೇಡ, ಸಾರೀನೂ ಬೇಡ. ಸೀಲ್ ಇರೋ ಬಾಕ್ಸ್ ಕೊಡಿ, ಇಲ್ಲ ಪೂರ್ತಿ ದುಡ್ಡು ವಾಪಸ್ ಹಾಕಿ. ಈ ಶನಿವಾರದೊಳಗೆ ಆಗ್ಲಿಲ್ಲ ಅಂದ್ರೆ ಸೋಮವಾರ ಬೆಳಿಗ್ಗೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸ್ತೀನಿ, ಆಮೇಲೆ ತುಮಕೂರು ಜಿಲ್ಲಾ ಗ್ರಾಹಕರ ಆಯೋಗದಲ್ಲೇ ಕೇಸು. 5 ಲಕ್ಷದವರೆಗೆ ಅಲ್ಲಿ ಫೀಸಿಲ್ಲ, ಲಾಯರ್ ಇಲ್ದೇನೂ ವಾದ ಮಾಡ್ಬಹುದು, ನಾನಿರೋ ಊರಲ್ಲೇ ಹಾಕಬಹುದು, ಹಾಗಾಗಿ ನೀವೇ ಇಲ್ಲಿಗೆ ಬರ್ಬೇಕಾಗತ್ತೆ. ಆ ಕುಯ್ದ ಟೇಪು, ಖಾಲಿ ಟ್ರೇ ಎರಡೂ ಹಾಗೇ ಎತ್ತಿಟ್ಟಿದೀನಿ. ನಮ್ಮ ಗುಂಪಲ್ಲಿ ನಿಮ್ಮ ಹತ್ರ ಪ್ರೀ-ಆರ್ಡರ್ ಕೊಟ್ಟಿರೋರಿಗೆಲ್ಲ ಆ ವಿಡಿಯೋ ಆಗ್ಲೇ ಹೋಗಿದೆ, ಇಬ್ರು ಕ್ಯಾನ್ಸಲ್ ಮಾಡಿದಾರೆ, ಉಳಿದೋರು ಶನಿವಾರಕ್ಕೆ ಕಾಯ್ತಿದಾರೆ.

ಇಂತಿ,
ನಿಮ್ಮ ಗ್ರಾಹಕ
ಎಸ್.ಎಸ್. ಪುರಂ, ತುಮಕೂರು